ಒಂದು ಬಟ್ಟೆ ಚೂರು ಸಾಕಿತ್ತು

ಈಗಷ್ಟೇ ಶಿವಾಜಿನಗರದ ಗುಜರಿಯಿಂದ ಬಂದೆ. ಬರಿಗೈಯಲ್ಲಿ. ಕೋಪ ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮಾರುತಿ ಓಮ್ನಿ ವ್ಯಾನ್ ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಅರ್ಧ ಜನ ಅದರಲ್ಲಿ ಕೂತು ಮದುವೆ ಮನೆಗಳಿಗೆ ಬಂದಿದ್ದೀರಿ. ಅಪ್ಪ 2004ರಲ್ಲಿ ತಗೊಂಡಿದ್ದು. ಈಗ ಅದರ ಡ್ರೈವರ್ ಬಾಗಿಲ ಪ್ಯಾಡ್, ಅಂದರೆ ಬಾಗಿಲ ಒಳಮೈ ಮುಚ್ಚುವ ರೆಕ್ಸಿನ್ ಹೊದಿಸಿದ ಬೋರ್ಡು, ಹಾಳಾಗಿದೆ. ಹಾರ್ಡ್‌ಬೋರ್ಡ್ ನೀರು ಕುಡಿದು ಉಬ್ಬಿದೆ, ಕ್ಲಿಪ್ ಕೂರುವ ತೂತುಗಳು ಹರಿದಿವೆ, ರೆಕ್ಸಿನ್ ಜೋತುಬಿದ್ದಿದೆ. ಬಾಗಿಲು ಹಾಕಿದಾಗಲೆಲ್ಲ ಪಟಪಟ ಸದ್ದು. ಜೆ.ಸಿ. ರಸ್ತೆಯಲ್ಲಿ ಮೂರು ಅಂಗಡಿ ಕೇಳಿದೆ. ಹೊಸದು ಇಲ್ಲ ಅಂದರು.

ಗುಜರಿಯಲ್ಲಿ ಸಿಕ್ಕಿತು! ಬಾಗಿಲನ್ನು ಕಳಚಿ ಗೋಡೆಗೆ ಒರಗಿಸಿದ್ದರು. ಪ್ಯಾಡ್ ಇನ್ನೂ ಅದರಲ್ಲೇ ಇತ್ತು. ಅಳತೆಗೆ ಅಂತ ಹಳೇ ಪ್ಯಾಡ್ ಜೊತೆಗೇ ಒಯ್ದಿದ್ದೆ, ಮೇಲಿಟ್ಟು ನೋಡಿದೆ. ಹ್ಯಾಂಡಲ್ ಜಾಗ, ಗ್ಲಾಸ್ ಏರಿಸುವ ತಿರುಗಣೆಯ ತೂತು, ಎಲ್ಲ ಸರಿ. ಬಣ್ಣವೂ ಅದೇ ಬೂದು. 700 ರೂಪಾಯಿಗೆ ಮಾತಾಯಿತು. ದುಡ್ಡು ತೆಗೆಯಲು ಜೇಬಿಗೆ ಕೈ ಹಾಕಿದೆ.

ಅಷ್ಟರಲ್ಲಿ ಕೆಲಸದ ಹುಡುಗ ಉದ್ದನೆ ಸ್ಕ್ರೂಡ್ರೈವರ್ ತಂದು ಪ್ಯಾಡಿನ ಅಂಚಿಗೆ ತುರುಕಿ ಮೀಟಿದ. ಚಟ್. ಇನ್ನೊಂದು ಮೂಲೆ. ಚಟ್. ಗ್ಲಾಸಿನ ತಿರುಗಣೆ ಬಿಚ್ಚಿರಲೇ ಇಲ್ಲ, ಅದರ ಸುತ್ತ ಬೋರ್ಡನ್ನೇ ಹರಿದು ಎಳೆದ. "ಏ ನಿಲ್ಲಪ್ಪಾ" ಅಂತ ನಾನು ಕೂಗುವಷ್ಟರಲ್ಲಿ ಕೆಲಸ ಮುಗಿದಿತ್ತು. ಹದಿನೈದು ಇಪ್ಪತ್ತು ವರ್ಷ ಮಳೆ ಬಿಸಿಲು ತಡೆದುಕೊಂಡು ಚೆನ್ನಾಗಿದ್ದ ವಸ್ತು. ಅರ್ಧ ನಿಮಿಷದಲ್ಲಿ ಕಸ.

"ಗಮ್ ಹಾಕಿ ಸಾರ್, ಕೂತ್ಕೊಳ್ಳುತ್ತೆ. ನೂರು ಕಮ್ಮಿ ಕೊಡಿ" ಅಂದರು ಅಂಗಡಿಯವರು.

ಆ ತಿರುಗಣೆ ತೆಗೆಯೋದು ಏನು ದೊಡ್ಡ ವಿದ್ಯೆ ಅಲ್ಲ. ಅದರ ಬುಡದಲ್ಲಿ ಕುದುರೆ ಲಾಳದ ಆಕಾರದ ಒಂದು ಸಣ್ಣ ಸ್ಪ್ರಿಂಗ್ ತಂತಿ ಇರುತ್ತದೆ. ಒಂದು ಬಟ್ಟೆ ಚೂರನ್ನು ತಿರುಗಣೆಗೂ ಪ್ಯಾಡಿಗೂ ನಡುವೆ ತೂರಿಸಿ, ಎರಡೂ ತುದಿ ಹಿಡಿದು ಎಡಕ್ಕೆ ಬಲಕ್ಕೆ ಎಳೆಯಬೇಕು. ತಂತಿ ಟಣ್ ಅಂತ ಹಾರಿ ಬರುತ್ತದೆ. ತಿರುಗಣೆ ಕೈಗೆ ಬರುತ್ತದೆ. ಆಮೇಲೆ ಸ್ಕ್ರೂ ಬಿಚ್ಚಿ, ಪ್ರತಿ ಕ್ಲಿಪ್ಪಿನ ಪಕ್ಕದಲ್ಲೇ ಬೆರಳು ಹಾಕಿ ಮೆಲ್ಲಗೆ ಎಬ್ಬಿಸಬೇಕು. ಕ್ಲಿಪ್ಪಿನಿಂದ ದೂರ ಹಿಡಿದು ಎಳೆದರೆ ಬೋರ್ಡು ಹರಿಯುತ್ತದೆ. ಇಷ್ಟೇ. ಐದು ನಿಮಿಷ. ಅಪ್ಪ ಇದನ್ನು ನನಗೆ ಹೇಳಿಕೊಟ್ಟಾಗ ನಾನು ಹೈಸ್ಕೂಲಿನಲ್ಲಿದ್ದೆ.

ಗುಜರಿಯವರಿಗೆ ಕಬ್ಬಿಣದ ತೂಕ ಮುಖ್ಯ, ಹಾರ್ಡ್‌ಬೋರ್ಡಿಗೆ ಯಾರು ಸಮಯ ಕೊಡ್ತಾರೆ ಅಂತ ನೀವು ಹೇಳಬಹುದು. ಆ ಹುಡುಗ ದಿನಕ್ಕೆ ಎಷ್ಟು ಗಾಡಿ ಬಿಚ್ಚಬೇಕೋ ಏನೋ. ಸರಿ. ಆದರೆ ಗಿರಾಕಿ ಎದುರಿಗೇ ನಿಂತಿದ್ದೇನೆ, ಬೆಲೆ ಆಗಿದೆ, ಆ ಐದು ನಿಮಿಷಕ್ಕೆ 700 ರೂಪಾಯಿ ಬರುತ್ತಿತ್ತು. ಈಗ ಅವರಿಗೂ ಏನೂ ಬರಲಿಲ್ಲ, ನನಗೂ ಪ್ಯಾಡ್ ಸಿಗಲಿಲ್ಲ. ಹಾಗಾಗಿ ಆ ಮಾತನ್ನು ನಾನು ಒಪ್ಪೋದಿಲ್ಲ.

ಇಷ್ಟು ಸಣ್ಣದಕ್ಕೆ ಇಷ್ಟು ಕೋಪ ಯಾಕೆ ಅಂದರೆ, ಆ ಗಾಡಿ ಇನ್ನು ಹುಟ್ಟೋದಿಲ್ಲ. ಮಾರುತಿಯವರು 1984ರಲ್ಲಿ ಶುರು ಮಾಡಿದ ವ್ಯಾನ್ ಅದು, 2019ರಲ್ಲಿ ನಿಲ್ಲಿಸಿದರು. ಅದೇ 2019ರಲ್ಲಿ ನಮ್ಮದಕ್ಕೆ ಹದಿನೈದು ವರ್ಷ ತುಂಬಿ ಆರ್‌ಸಿ ನವೀಕರಿಸಿದೆ. 2024ರಲ್ಲಿ ಮತ್ತೆ ಐದು ವರ್ಷಕ್ಕೆ ಮಾಡಿಸಿದೆ. ಸೀಟಿನ ಕೆಳಗಿನ 796 ಸಿಸಿ ಇಂಜಿನ್ ಇವತ್ತಿಗೂ ಬೆಳಿಗ್ಗೆ ಒಂದೇ ಸಲಕ್ಕೆ ಶುರುವಾಗುತ್ತದೆ. ಇನ್ನು ಮುಂದೆ ಓಡುವ ಪ್ರತಿ ಹಳೇ ಓಮ್ನಿಗೂ ಸತ್ತ ಓಮ್ನಿಗಳೇ ಆಸರೆ. ಅವುಗಳನ್ನೂ ಹೀಗೆ ಹರಿದು ಹಾಕಿದರೆ?

ಒಂದು ವಿಷಯ ಮುಚ್ಚಿಡಬಾರದು. ನಮ್ಮ ಪ್ಯಾಡ್ ಹಾಳಾಗಿದ್ದು ನನ್ನಿಂದಲೇ. ಮಳೆ ನೀರು ಗ್ಲಾಸಿನ ಪಕ್ಕದಿಂದ ಬಾಗಿಲೊಳಗೆ ಇಳಿಯೋದು ಸಹಜ, ಕೆಳಗಿನ ತೂತುಗಳಿಂದ ಹೊರಗೆ ಹೋಗುತ್ತದೆ. ಅದು ಬೋರ್ಡಿಗೆ ತಾಗದಿರಲಿ ಅಂತ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಕೆಲವು ವರ್ಷದ ಹಿಂದೆ ಲಾಕ್ ರಿಪೇರಿಗೆ ಕೊಟ್ಟಾಗ ಮೆಕ್ಯಾನಿಕ್ ಆ ಹಾಳೆ ಕಿತ್ತು, "ಇದು ಬೇಡ ಬಿಡಿ ಸಾರ್" ಅಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಹೂಂ ಅಂದೆ. ಅಪ್ಪ ಇದ್ದಿದ್ದರೆ ಬಿಡುತ್ತಿರಲಿಲ್ಲ. ಇವತ್ತು ಆ ಹುಡುಗನ ಮೇಲೆ ಬಂದ ಸಿಟ್ಟಿನಲ್ಲಿ ಅದೂ ಸೇರಿತ್ತು ಅನ್ನಿಸುತ್ತದೆ.

ನಿಮ್ಮೂರಲ್ಲಿ ಯಾರಾದರೂ ಓಮ್ನಿ ಗುಜರಿಗೆ ಹಾಕುತ್ತಿದ್ದರೆ ದಯವಿಟ್ಟು ಮೊದಲು ನನಗೆ ಹೇಳಿ. ಡ್ರೈವರ್ ಕಡೆ ಮುಂದಿನ ಬಾಗಿಲು, ಬೂದು ಬಣ್ಣ. ಯಾರೂ ಬಿಚ್ಚೋದು ಬೇಡ, ನಾನೇ ಬಂದು ಬಿಚ್ಚಿಕೊಳ್ಳುತ್ತೇನೆ. ಹಿಂದಿನ ಪ್ಲಾಸ್ಟಿಕ್ ಹಾಳೆ ಇದ್ದರೆ ಅದಕ್ಕೂ ದುಡ್ಡು ಕೊಡುತ್ತೇನೆ.