ರಾಜಕೀಯ ಬೇಡ, ರಾಜ್ಯಶಾಸ್ತ್ರ ಸಾಕು

ನಮ್ಮ ರಾಜ್ಯದ ಯಾವುದೇ ಡಿಗ್ರಿ ಕಾಲೇಜಿಗೆ ಹೋಗಿ. ಬಿಎ ರಾಜ್ಯಶಾಸ್ತ್ರದ ಕ್ಲಾಸಿನಲ್ಲಿ ಕೂತು, ಬೆಳಗಿನ ಪೇಪರಿನಲ್ಲಿ ಬಂದ ಸಂಪುಟ ವಿಸ್ತರಣೆಯ ಸುದ್ದಿ ಎತ್ತಿ ನೋಡಿ. ಉತ್ತರ ಗ್ಯಾರಂಟಿ, ಅದಕ್ಕೆ ಬಜೆಟ್ ಕೂಡ ಬೇಕಿಲ್ಲ: "ಕ್ಲಾಸಲ್ಲಿ ರಾಜಕೀಯ ಬೇಡಪ್ಪ."

ಕೆಮಿಸ್ಟ್ರಿಯವರು ಆಸಿಡ್ ಮುಟ್ಟುತ್ತಾರೆ. ಜುವಾಲಜಿಯವರು ಒಂದು ಕಾಲದಲ್ಲಿ ಕಪ್ಪೆ ಕೊಯ್ಯುತ್ತಿದ್ದರು. ಜಿಯಾಗ್ರಫಿಯವರನ್ನು ಬಸ್ಸಿನಲ್ಲಿ ತುಂಬಿ ಎಲ್ಲಿಗೋ ಕರೆದುಕೊಂಡು ಹೋಗಿ ಬರುತ್ತಾರೆ. ವಿಷಯದ ಹತ್ತಿರ ಸುಳಿಯದೆ ಆ ವಿಷಯ ಪಾಸು ಮಾಡುವ ಸವಲತ್ತು ಇರುವುದು ರಾಜ್ಯಶಾಸ್ತ್ರದವರಿಗೆ ಮಾತ್ರ. ಪ್ಲೇಟೋ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು. ಅವನು ಸತ್ತು 2,300 ವರ್ಷ ದಾಟಿದೆ, ಅವನ ಕಡೆಯವರು ಗಲಾಟೆಗೆ ಬರುವುದಿಲ್ಲ.

ಈ ಕೋರ್ಸಿಗೆ ಸೇರುವವರನ್ನು ನೋಡಿದರೆ ಪಾಪ ಅನ್ನಿಸುತ್ತದೆ. "ಯಾವ ಕಾಂಬಿನೇಷನ್?" ಎಂದು ಮದುವೆಮನೆಯಲ್ಲಿ ಚಿಕ್ಕಪ್ಪ ಕೇಳುತ್ತಾರೆ. "ಹೆಚ್‌ಇಪಿ" (ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್) ಅಂದ ಕೂಡಲೇ ಅವರು ಸ್ವಲ್ಪ ಹೊತ್ತು ಪಾಯಸದ ಕಡೆ ನೋಡುತ್ತಾರೆ. ಆಮೇಲೆ, "ಇರಲಿ ಬಿಡು, ಐಎಎಸ್‌ಗೆ ಒಳ್ಳೇದು" ಎನ್ನುತ್ತಾರೆ. ಇಂಥ ಮಾತು ಕೇಳಿಕೊಂಡು ಒಳಗೆ ಬಂದವರಿಗೆ ಮೊದಲ ಸೆಮಿಸ್ಟರಿನಲ್ಲೇ ಅರಿಸ್ಟಾಟಲ್ ಸಿಗುತ್ತಾನೆ. ಮನುಷ್ಯ ಸ್ವಭಾವತಃ ರಾಜಕೀಯ ಪ್ರಾಣಿ ಎಂದು ಅವನು ಹೇಳುತ್ತಾನೆ. ಎರಡು ಅಂಕಕ್ಕೆ ಅದನ್ನು ಬರೆಯಬೇಕು. ಕಾಲೇಜಿನ ಗೇಟಿನೊಳಗೆ ಹಾಗೆ ಇರಬಾರದು, ಅಷ್ಟೇ.

1989ರ ಮಾರ್ಚ್‌ನಲ್ಲಿ ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂತು. ಮತ ಹಾಕುವ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹದಿನೆಂಟರ ಹುಡುಗ ಹುಡುಗಿಯರಿಗೆ ದೇಶದ ಪ್ರಧಾನಿ ಯಾರಾಗಬೇಕು ಎಂದು ತೀರ್ಮಾನಿಸುವ ಬುದ್ಧಿ ಬಂದಿದೆ ಎಂದು ದೇಶ ಒಪ್ಪಿಕೊಂಡಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತುಹೋಯಿತು. ಪ್ರಧಾನಿಯನ್ನು ಬೇಕಾದರೆ ಆರಿಸಿ, ಕ್ರೀಡಾ ಕಾರ್ಯದರ್ಶಿಯನ್ನು ಆರಿಸುವಷ್ಟು ಪ್ರೌಢಿಮೆ ನಿಮಗಿನ್ನೂ ಬಂದಿಲ್ಲ ಎಂದ ಹಾಗಾಯಿತು.

ಹೊಡೆದಾಟ, ಜಾತಿ, ದುಡ್ಡು, ಹೊರಗಿನ ಪಕ್ಷಗಳ ಕೈವಾಡ. ಚುನಾವಣೆ ನಿಲ್ಲಿಸಿದ್ದು ಇವನ್ನೆಲ್ಲ ತಡೆಯಲು ಎನ್ನುತ್ತಾರೆ. ಸರಿಯಾದ ಕಾರಣವೇ. ಇದೇ ಕಾರಣಕ್ಕೆ ಚುನಾವಣೆ ನಿಲ್ಲಿಸುವುದಾದರೆ ಮೊದಲು ಎಲ್ಲಿ ನಿಲ್ಲಿಸಬೇಕಿತ್ತು ಎಂಬ ಪ್ರಶ್ನೆ ಸಿಲಬಸ್ಸಿನಲ್ಲಿಲ್ಲ.

ಈಗ ಸಂಘದ ಕಾರ್ಯದರ್ಶಿಯನ್ನು ಮಾರ್ಕ್ಸ್ ನೋಡಿ ನೇಮಿಸುತ್ತಾರೆ. ಹೋದ ಸೆಮಿಸ್ಟರಿನಲ್ಲಿ ಜಾಸ್ತಿ ಅಂಕ ತೆಗೆದ ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದು, "ಈ ವರ್ಷ ನೀನೇಮ್ಮ" ಎಂದರೆ ಮುಗಿಯಿತು. ಅವಳು "ಸರ್, ನಂಗೆ ಓದೋದಿದೆ" ಅನ್ನುತ್ತಾಳೆ. ಪ್ರಜಾಪ್ರಭುತ್ವದ ಅರ್ಥ, ವ್ಯಾಖ್ಯೆ ಮತ್ತು ಲಕ್ಷಣಗಳನ್ನು ಅವಳಷ್ಟು ಚೆನ್ನಾಗಿ ಬರೆದವರು ಆ ಬ್ಯಾಚಿನಲ್ಲೇ ಇಲ್ಲ. ತತ್ವಜ್ಞಾನಿಗಳೇ ಆಳಬೇಕು ಎಂದಿದ್ದ ಪ್ಲೇಟೋಗೆ ಈ ವ್ಯವಸ್ಥೆ ಕಂಡರೆ ಸಮಾಧಾನವಾಗುತ್ತಿತ್ತೇನೋ.

ಕಾಲೇಜು ಚುನಾವಣೆ ನಡೆಯುವ ರಾಜ್ಯಗಳೂ ಇವೆಯಲ್ಲ, ಅವುಗಳಿಗಾಗಿ ಒಂದು ನಿಯಮಾವಳಿ ಇದೆ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೊ ಅವರ ಸಮಿತಿ ಬರೆದಿದ್ದು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಪಾಲಿಸಿ ಎಂದಿತು. ನನ್ನ ಪ್ರಕಾರ ಈ ದೇಶದಲ್ಲಿ ಬಂದ ಅತ್ಯುತ್ತಮ ಹಾಸ್ಯ ಕೃತಿ ಅದು. ಲಿಂಗ್ಡೊ ಅವರು ಗಂಭೀರವಾಗಿಯೇ ಬರೆದಿದ್ದಾರೆ, ನಾವು ಓದುವ ಜಾಗ ಹಾಗಿದೆ.

ಅದರ ಪ್ರಕಾರ ಡಿಗ್ರಿ ಓದುವ ಅಭ್ಯರ್ಥಿಗೆ 22 ದಾಟಿರಬಾರದು. ಹಾಜರಾತಿ ಕನಿಷ್ಠ 75 ಪರ್ಸೆಂಟ್ ಇರಬೇಕು. ಯಾವ ಸಬ್ಜೆಕ್ಟೂ ಬಾಕಿ ಉಳಿಸಿಕೊಂಡಿರಬಾರದು. ಖರ್ಚು 5,000 ರೂಪಾಯಿ ಮೀರುವ ಹಾಗಿಲ್ಲ, ಅದಕ್ಕೂ ಫಲಿತಾಂಶ ಬಂದ ಎರಡು ವಾರದೊಳಗೆ ಆಡಿಟ್ ಆದ ಲೆಕ್ಕ ಕೊಡಬೇಕು. ಪ್ರಿಂಟಾದ ಪೋಸ್ಟರ್ ಹಾಕುವಂತಿಲ್ಲ, ಕೈಯಲ್ಲಿ ಬರೆದದ್ದೇ ಆಗಬೇಕು. ಪದಾಧಿಕಾರಿ ಸ್ಥಾನಕ್ಕೆ ಜೀವನದಲ್ಲಿ ಒಂದೇ ಸಲ ನಿಲ್ಲಬಹುದು. ಜಾತಿ ಧರ್ಮದ ಹೆಸರಲ್ಲಿ ಓಟು ಕೇಳಬಾರದು. ಮುಖ್ಯವಾಗಿ, ಕ್ರಿಮಿನಲ್ ಹಿನ್ನೆಲೆ ಇರಲೇಬಾರದು.

ಇದನ್ನೊಂದು ಕಾಪಿ ತೆಗೆದು ವಿಧಾನಸೌಧದ ಬಾಗಿಲಿಗೆ ಅಂಟಿಸಿದರೆ ಒಳಗೆ ಮಾರ್ಷಲ್‌ಗಳಷ್ಟೇ ಉಳಿಯುತ್ತಾರೆ. ವಿಧಾನಸಭೆಗೆ ನಿಲ್ಲುವವರ ಖರ್ಚಿನ ಮಿತಿ 40 ಲಕ್ಷ. ಆ ಮಿತಿಯಲ್ಲೇ ಗೆದ್ದೆವು ಎಂದು ಎಲ್ಲರೂ ಲೆಕ್ಕ ಕೊಡುತ್ತಾರೆ, ನಾವು ನಂಬುತ್ತೇವೆ. 2023ರಲ್ಲಿ ಗೆದ್ದ ಶಾಸಕರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಯ ಮೇಲೆ ಕ್ರಿಮಿನಲ್ ಕೇಸುಗಳಿವೆ ಎಂದು ಚುನಾವಣಾ ಸುಧಾರಣೆಗೆ ಕೆಲಸ ಮಾಡುವ ಎಡಿಆರ್ ಸಂಸ್ಥೆ ಲೆಕ್ಕ ಹಾಕಿತ್ತು. ಯಾರೋ ಆಗದವರು ಹೇಳಿದ್ದಲ್ಲ, ಅವರವರೇ ಅಫಿಡವಿಟ್‌ನಲ್ಲಿ ಬರೆದುಕೊಟ್ಟದ್ದು. ಅದರಲ್ಲಿ ರಾಜಕೀಯ ಕೇಸುಗಳೂ ಇರುತ್ತವೆ ಅನ್ನಿ. ಆದರೆ ಕಾಲೇಜಿನ ಹುಡುಗನಿಗೆ ಆ ರಿಯಾಯಿತಿ ಇಲ್ಲ.

ಇನ್ನು ಹಾಜರಾತಿಯ ಕಥೆ. ವರ್ಷಕ್ಕೆ ಕನಿಷ್ಠ 60 ದಿನ ಕಲಾಪ ನಡೆಸಬೇಕು ಎಂದು ನಮ್ಮ ಶಾಸಕಾಂಗ 2005ರಲ್ಲಿ ತನಗೆ ತಾನೇ ಒಂದು ಕಾಯ್ದೆ ಮಾಡಿಕೊಂಡಿತು. ಬಹುತೇಕ ವರ್ಷ ಆ 60 ಮುಟ್ಟಲಿಲ್ಲ. ಬಿಎ ಹುಡುಗನ ಅಟೆಂಡೆನ್ಸ್ ಕಡಿಮೆಯಾದರೆ ನೋಟಿಸ್ ಬೋರ್ಡಿನಲ್ಲಿ ಹೆಸರು ಬರುತ್ತದೆ, ಅಪ್ಪನಿಗೆ ಫೋನ್ ಹೋಗುತ್ತದೆ, ಪರೀಕ್ಷೆಗೆ ಕೂರಿಸುವುದಿಲ್ಲ. ಶಾಸಕರದ್ದು ಕಡಿಮೆಯಾದರೆ? 2025ರ ಫೆಬ್ರವರಿಯಲ್ಲಿ ಸ್ಪೀಕರ್ ಒಂದು ಪರಿಹಾರ ಹೇಳಿದರು. ಊಟ ಮಾಡಲು ಹೋದವರು ವಾಪಸ್ ಬರುತ್ತಿಲ್ಲವಂತೆ. ಅದಕ್ಕೇ ಅಲ್ಲೇ ಒರಗಿಕೊಳ್ಳಲು 15 ರಿಕ್ಲೈನರ್ ಕುರ್ಚಿ ಬಾಡಿಗೆಗೆ ತರಿಸೋಣ ಎಂದರು. ನಮ್ಮ ಹುಡುಗರು ಕೊನೇ ಬೆಂಚಿನಲ್ಲಿ ಪುಕ್ಕಟೆಯಾಗಿಯೇ ಮಲಗುತ್ತಿದ್ದಾರೆ. ಅವರನ್ನು ಎಬ್ಬಿಸಿ ಹೊರಗೆ ಕಳಿಸುತ್ತೇವೆ.

ಪಂಚಾಯತ್ ರಾಜ್ ಪಾಠದ ದಿನ ಮೇಷ್ಟ್ರಿಗೆ ನಿಜಕ್ಕೂ ಕಷ್ಟ. ಹೆಮ್ಮೆಯಿಂದ ಶುರು ಮಾಡುತ್ತಾರೆ. ಇಡೀ ದೇಶಕ್ಕೆ ದಾರಿ ತೋರಿಸಿದ್ದು ಕರ್ನಾಟಕ, 1983ರ ಕಾಯ್ದೆ, ಆಗಿನ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬ್, 1987ರ ಚುನಾವಣೆ. ಆಮೇಲೆ 73ನೇ ತಿದ್ದುಪಡಿ ಬರುತ್ತದೆ. ಐದು ವರ್ಷಕ್ಕೊಮ್ಮೆ ಚುನಾವಣೆ ಕಡ್ಡಾಯ, ಅವಧಿ ಮುಗಿಯುವ ಮೊದಲೇ ನಡೆಯಬೇಕು, ಬರೆದುಕೊಳ್ಳಿ. ಹುಡುಗರು ಬರೆದುಕೊಳ್ಳುತ್ತಾರೆ. ನಮ್ಮ ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆಗಿತ್ತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು, ವಾಯಿದೆ. 2021ರಲ್ಲಿ ಬಿಎ ಸೇರಿದವರು 2024ರಲ್ಲಿ ಮುಗಿಸಿ ಮನೆಗೆ ಹೋದರು. ಮೂರು ವರ್ಷ ಅಧಿಕಾರ ವಿಕೇಂದ್ರೀಕರಣ ಓದಿದರು. ಚುನಾಯಿತ ಜಿಲ್ಲಾ ಪಂಚಾಯಿತಿ ಸದಸ್ಯ ಎಂಬ ಜೀವಿಯನ್ನು ಅವರಲ್ಲಿ ಯಾರೂ ಕಣ್ಣಾರೆ ಕಾಣಲಿಲ್ಲ. "ಐದು ವರ್ಷಕ್ಕೊಮ್ಮೆ ಕಡ್ಡಾಯ" ಎಂದು ಬರೆದವನಿಗೆ ಪೂರ್ತಿ ಅಂಕ. "ಯಾವಾಗ ಮನಸ್ಸಾಗುತ್ತೋ ಆಗ" ಎಂದು ಬರೆದವನು ಫೇಲು.

ಪಕ್ಷಾಂತರ ನಿಷೇಧ ಕಾಯ್ದೆಯದೂ ಇದೇ ಪಾಡು. 1985, ಹತ್ತನೇ ಶೆಡ್ಯೂಲು, ಉದ್ದೇಶ: ಪಕ್ಷಾಂತರ ತಡೆಯುವುದು. 2019ರಲ್ಲಿ ನಮ್ಮ 17 ಶಾಸಕರು ಅನರ್ಹರಾದರು. ಉಪಚುನಾವಣೆಯಲ್ಲಿ ನಿಂತು ಹಲವರು ಗೆದ್ದರು, ಮಂತ್ರಿಗಳೂ ಆದರು. ಅನರ್ಹತೆ ಅಂದರೆ ಮಂತ್ರಿಯಾಗುವುದಕ್ಕೆ ಇರುವ ಪೂರ್ವಸಿದ್ಧತೆ ಎಂದು ಹುಡುಗರು ತಿಳಿದುಕೊಂಡರೆ ಯಾರ ತಪ್ಪು?

ಮೂಲಭೂತ ಹಕ್ಕು ಆದ ಮೇಲೆ ರಾಜ್ಯ ನಿರ್ದೇಶಕ ತತ್ವಗಳು. 39ನೇ ವಿಧಿ, ಸಮಾನ ಕೆಲಸಕ್ಕೆ ಸಮಾನ ವೇತನ. ಇದನ್ನು ಪಾಠ ಮಾಡುವವರು ಬಹಳ ಕಡೆ ಅತಿಥಿ ಉಪನ್ಯಾಸಕರು. ಪಕ್ಕದ ರೂಮಿನಲ್ಲಿ ಇದೇ ಪಾಠ ಮಾಡುವ ಕಾಯಂ ಪ್ರೊಫೆಸರ್ ಸಂಬಳದಲ್ಲಿ ಅವರಿಗೆ ಸಿಗುವುದು ಒಂದು ಚೂರು. ವರ್ಷ ಮುಗಿದರೆ ಕೆಲಸವೂ ಮುಗಿಯಿತು, ಮತ್ತೆ ಕೌನ್ಸೆಲಿಂಗ್, ಮತ್ತೆ ಅರ್ಜಿ. ಹತ್ತು ಹದಿನೈದು ವರ್ಷದಿಂದ ಅತಿಥಿಗಳಾಗಿಯೇ ಇರುವವರಿದ್ದಾರೆ. ಇಷ್ಟು ವರ್ಷ ಮನೆಯಲ್ಲಿದ್ದ ಅತಿಥಿಗೆ ನಾವಾದರೆ ರೇಷನ್ ಕಾರ್ಡಿನಲ್ಲಿ ಹೆಸರು ಸೇರಿಸಿಬಿಡುತ್ತಿದ್ದೆವು. 2023ರ ಕೊನೆಯಲ್ಲಿ ಅವರು ಕಾಯಂ ಮಾಡಿ ಎಂದು ತರಗತಿ ಬಿಟ್ಟು ಧರಣಿ ಕೂತರು. ರಾಜ್ಯಶಾಸ್ತ್ರದಲ್ಲಿ ಪ್ರಾಕ್ಟಿಕಲ್ ಇಲ್ಲ ಎಂದು ಯಾರು ಹೇಳಿದ್ದು?

ಹುಡುಗರಿಗೆ ಪ್ರಜಾಪ್ರಭುತ್ವ ಸಿಗುವುದೇ ಇಲ್ಲ ಎಂದಲ್ಲ. ಸಿಗುತ್ತದೆ, ನಿಂತುಕೊಂಡು. ಜನವರಿ 25 ಮತದಾರರ ದಿನ, ಸಾಲಾಗಿ ನಿಂತು ಪ್ರತಿಜ್ಞೆ, ಆಮೇಲೆ ರಂಗೋಲಿ ಸ್ಪರ್ಧೆ. 2024ರ ಸೆಪ್ಟೆಂಬರ್ 15ರ ಅಂತರರಾಷ್ಟ್ರೀಯ ಪ್ರಜಾಪ್ರಭುತ್ವ ದಿನಕ್ಕೆ ಬೀದರ್‌ನಿಂದ ಚಾಮರಾಜನಗರದವರೆಗೆ 2,500 ಕಿಲೋಮೀಟರ್ ಮಾನವ ಸರಪಳಿ. ಪಕ್ಕದವನ ಕೈ ಹಿಡಿದು ನಿಲ್ಲಬಹುದು. ಅದೇ ಕೈ ಎತ್ತಿ ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ, ರಾಜಕೀಯ ಬೇಡಪ್ಪ.

ಅಂದಹಾಗೆ, ರಾಜಕೀಯ ಬೇಡ ಎನ್ನುವ ಈ ಸರ್ಕಾರಿ ಕಾಲೇಜುಗಳ ಅಭಿವೃದ್ಧಿ ಸಮಿತಿಗೆ ಅಧ್ಯಕ್ಷರು ಯಾರು ಗೊತ್ತಲ್ವಾ? ಕ್ಷೇತ್ರದ ಶಾಸಕರು. ಅವರ ಹುಟ್ಟುಹಬ್ಬಕ್ಕೆ ಕಾಂಪೌಂಡಿನ ಪಕ್ಕದಲ್ಲೇ ಫ್ಲೆಕ್ಸ್ ಏಳುತ್ತದೆ. ಕೆಳಗೆ ಪಾಸ್‌ಪೋರ್ಟ್ ಸೈಜಿನಲ್ಲಿ ಮೂವತ್ತು ನಲವತ್ತು ತಲೆಗಳು. ಮಾರ್ಕ್ಸ್ ನೋಡಿ ಕಾರ್ಯದರ್ಶಿಯಾದ ಹುಡುಗಿ ಅದರಲ್ಲಿಲ್ಲ. ಎರಡನೇ ಸಾಲಿನಲ್ಲಿ ಕೂಲಿಂಗ್ ಗ್ಲಾಸ್ ಹಾಕಿರುವವನು ಅಂತಿಮ ಬಿಎ ಹುಡುಗ, ಯುವ ಘಟಕದ ತಾಲೂಕು ಉಪಾಧ್ಯಕ್ಷ. ರಾಜ್ಯಶಾಸ್ತ್ರದಲ್ಲಿ ಎರಡು ಪೇಪರ್ ಬಾಕಿ. ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿಯಲ್ಲಿ ಮೊದಲ ಹೆಸರು ಅವನದೇ.

ಸಂಘದ ಉದ್ಘಾಟನೆ ಹತ್ತಿರ ಬಂದಾಗ ಪ್ರಿನ್ಸಿಪಾಲರು ಫೋನ್ ಮಾಡುವುದು ಅವನಿಗೇ.

"ಶಾಸಕರದ್ದು ಒಂದು ಡೇಟ್ ಕೊಡಿಸಪ್ಪ. ಶನಿವಾರ ಆಗುತ್ತಾ ಕೇಳು. ನಿನ್ನ ಅಟೆಂಡೆನ್ಸ್ ವಿಷಯ ಆಮೇಲೆ ನೋಡೋಣ."

"ಶನಿವಾರ ಅಣ್ಣ ಫ್ರೀ ಇಲ್ಲ ಸರ್. ಸೋಮವಾರ ಹಾಕ್ಕೊಳ್ಳಿ. ಇನ್ವಿಟೇಷನ್ ಪ್ರಿಂಟಿಗೆ ಕೊಡೋ ಮುಂಚೆ ನನಗೊಂದು ಸಲ ವಾಟ್ಸಾಪ್ ಮಾಡಿ, ಹೆಸರುಗಳ ಆರ್ಡರ್ ನೋಡಬೇಕು."