ಒಂದೇ ಕೋಷ್ಟಕದ ಎರಡು ಸಾಲು: ಆಸ್ಟ್ರೇಲಿಯಾದ ಜರ್ಮನ್ ಮತ್ತು ಗ್ರೀಕ್ ಮೂಲದವರು

ಆಸ್ಟ್ರೇಲಿಯಾದ ಜನಗಣತಿಯಲ್ಲಿ ಪೂರ್ವಜರ ಮೂಲವನ್ನು ಕೇಳುವ ಪ್ರಶ್ನೆಯೊಂದಿದೆ. ಒಬ್ಬರು ಎರಡು ಮೂಲಗಳವರೆಗೆ ಬರೆಯಬಹುದು, ಬರೆದದ್ದನ್ನು ಯಾರೂ ಪರಿಶೀಲಿಸುವುದಿಲ್ಲ. 2021ರಲ್ಲಿ ಜರ್ಮನ್ ಎಂದು ಬರೆದವರು 10 ಲಕ್ಷಕ್ಕೂ ಹೆಚ್ಚು. ಗ್ರೀಕ್ ಎಂದು ಬರೆದವರು 4 ಲಕ್ಷ 20 ಸಾವಿರಕ್ಕೂ ಹೆಚ್ಚು. ಈ ಎರಡು ಗುಂಪುಗಳ ಆದಾಯ, ಓದು, ಮನೆ ಒಡೆತನಗಳನ್ನು ಅಕ್ಕಪಕ್ಕ ಇಟ್ಟು, ಅಲ್ಲಿಂದ ನೇರವಾಗಿ ಜನಾಂಗಗಳ ಸ್ವಭಾವಕ್ಕೆ ಹಾರುವ ಚರ್ಚೆಗಳನ್ನು ನಾನು ಮೆಲ್ಬರ್ನಿನಲ್ಲಿ ಸಾಕಷ್ಟು ಕೇಳಿದ್ದೇನೆ. ಬೇಸರದ ಸಂಗತಿಯೆಂದರೆ, ನಮ್ಮ ಕನ್ನಡಿಗರ ಕೂಟಗಳಲ್ಲಿಯೂ ಅದು ಕೇಳಿಬರುತ್ತದೆ: ಜರ್ಮನ್ನರು ಶಿಸ್ತಿನವರು, ಗ್ರೀಕರು ಮೋಜಿನವರು, ಆದ್ದರಿಂದ ಹೀಗೆ.

ಈ ಮಾತಿಗೆ 2010ರ ನಂತರದ ಯೂರೋ ಬಿಕ್ಕಟ್ಟು ಹೊಸ ಬಲ ಕೊಟ್ಟಿತು. ಗ್ರೀಸ್ ಸಾಲದಲ್ಲಿ ಮುಳುಗಿತು, ಜರ್ಮನಿ ಷರತ್ತು ಹಾಕಿತು, ಮತ್ತು ಪತ್ರಿಕೆಗಳು ಸೋಮಾರಿ ಗ್ರೀಕನ ಚಿತ್ರವನ್ನು ಬಿಡಿಸಿದವು. ಅದೇ ವರ್ಷಗಳಲ್ಲಿ ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆಯಾದ ಒಇಸಿಡಿ ಪ್ರಕಟಿಸಿದ ಅಂಕಿಅಂಶಗಳ ಪ್ರಕಾರ ದುಡಿಯುವ ಗ್ರೀಕನೊಬ್ಬ ವರ್ಷಕ್ಕೆ ಸರಾಸರಿ 2,000 ಗಂಟೆಗಿಂತ ಹೆಚ್ಚು ದುಡಿಯುತ್ತಿದ್ದ, ಜರ್ಮನ್ ಕೆಲಸಗಾರನ ಸರಾಸರಿ 1,400ರ ಆಸುಪಾಸಿನಲ್ಲಿತ್ತು. (ಈ ಹೋಲಿಕೆಯೂ ಪೂರ್ತಿ ನ್ಯಾಯವಾದದ್ದಲ್ಲ. ಜರ್ಮನಿಯಲ್ಲಿ ಅರೆಕಾಲಿಕ ನೌಕರರು ಹೆಚ್ಚು, ಗ್ರೀಸಿನಲ್ಲಿ ಸ್ವಂತ ಅಂಗಡಿ ಇಟ್ಟುಕೊಂಡವರು ಹೆಚ್ಚು.) ಆದರೆ ನನ್ನ ತಕರಾರು ಯುರೋಪಿನ ಬಗ್ಗೆ ಅಲ್ಲ. ಆಸ್ಟ್ರೇಲಿಯಾದಲ್ಲಿ ಈ ಎರಡು ಗುಂಪುಗಳ ನಡುವೆ ಕಾಣುವ ವ್ಯತ್ಯಾಸದ ಬಹುಪಾಲು, ಅವರು ಯಾವಾಗ ಬಂದರು, ಬಂದಾಗ ಯಾವ ಬಾಗಿಲು ತೆರೆದಿತ್ತು, ಎಲ್ಲಿ ನೆಲೆಸಿದರು ಎಂಬುದರಿಂದ ಬಂದದ್ದು ಎಂಬುದಷ್ಟೇ ನನ್ನ ವಾದ.

ಮೊದಲು ಜರ್ಮನ್ನರು. 1838ರ ಕೊನೆಯ ವಾರಗಳಲ್ಲಿ ದಕ್ಷಿಣ ಆಸ್ಟ್ರೇಲಿಯಾಕ್ಕೆ ಬಂದಿಳಿದ ಲೂಥರನ್ (ಪ್ರೊಟೆಸ್ಟೆಂಟ್ ಕ್ರೈಸ್ತ ಪಂಗಡ) ಕುಟುಂಬಗಳು, ಆಗಿನ ಜರ್ಮನ್ ರಾಜ್ಯವಾದ ಪ್ರಷ್ಯದ ದೊರೆ ಮೂರನೆಯ ಫ್ರೀಡ್ರಿಕ್ ವಿಲ್ಹೆಲ್ಮ್ ಹೇರಿದ್ದ ಚರ್ಚ್ ಸುಧಾರಣೆಯನ್ನು ಒಪ್ಪದೆ ಊರು ಬಿಟ್ಟವರು. ಅವರ ಪಾದ್ರಿ ಆಗಸ್ಟ್ ಕಾವೆಲ್ ಲಂಡನ್ನಿನಲ್ಲಿ ಜಾರ್ಜ್ ಫೈಫ್ ಆಂಗಸ್ ಎಂಬ ಶ್ರೀಮಂತ ವ್ಯಾಪಾರಿಯನ್ನು ಕಂಡು ಹಡಗಿನ ಖರ್ಚಿಗೆ ಸಾಲ ಹೊಂದಿಸಿದ್ದರು. ಅಂದರೆ ಇವರು ಬಡವರಾಗಿಯೇ ಬಂದರು, ತಲೆಯ ಮೇಲೆ ಸಾಲ ಹೊತ್ತು ಬಂದರು. ಆದರೆ ಒಂಟಿಯಾಗಿ ಬರಲಿಲ್ಲ. ಇಡೀ ಹಳ್ಳಿಯ ಜನ ಪಾದ್ರಿಯೊಂದಿಗೆ, ಹೆಂಡತಿ ಮಕ್ಕಳೊಂದಿಗೆ ಬಂದರು, ಮತ್ತು ಬಂದ ಕೂಡಲೇ ಅವರ ಕೈಗೆ ಸಿಕ್ಕಿದ್ದು ಭೂಮಿ. 1839ರಲ್ಲಿ ಹಾನ್‌ಡಾರ್ಫ್ ಎಂಬ ಹಳ್ಳಿ ಎದ್ದಿತು; ಅದಕ್ಕೆ ಅವರನ್ನು ಕರೆತಂದ ಜೀಬ್ರಾ ಹಡಗಿನ ಕಪ್ತಾನ ಹಾನ್‌ನ ಹೆಸರಿಟ್ಟರು. ಅಲ್ಲಿನ ಹೆಂಗಸರು ತರಕಾರಿ, ಬೆಣ್ಣೆ, ಮೊಟ್ಟೆ ಹೊತ್ತು ರಾತ್ರಿಯೆಲ್ಲ ಬೆಟ್ಟ ಇಳಿದು ಅಡಿಲೇಡಿನ ಸಂತೆಗೆ ನಡೆದುಹೋಗುತ್ತಿದ್ದರು. 1840ರ ದಶಕದಲ್ಲಿ ಬರೋಸಾ ಕಣಿವೆಯಲ್ಲಿ ಹಳ್ಳಿಗಳು ಹುಟ್ಟಿದವು. ಯೋಹಾನ್ ಗ್ರಾಂಪ್ 1847ರಲ್ಲಿ ಜೇಕಬ್ಸ್ ಕ್ರೀಕ್ ದಂಡೆಯಲ್ಲಿ ದ್ರಾಕ್ಷಿ ನೆಟ್ಟ, ಯೋಸೆಫ್ ಸೆಪ್ಪೆಲ್ಟ್ 1851ರಲ್ಲಿ ಭೂಮಿ ಕೊಂಡ. ಇಂದು ಆ ಹೆಸರುಗಳನ್ನು ವೈನ್ ಬಾಟಲಿಗಳ ಮೇಲೆ ಕಾಣುತ್ತೇವೆ.

ಈ ಭೂಮಿ ಪೆರಮಂಕ್, ನ್ಗಜುರಿ ಮುಂತಾದ ಮೂಲನಿವಾಸಿಗಳದ್ದು ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಜರ್ಮನ್ ರೈತನ ದುಡಿಮೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ದುಡಿಮೆ ಆಸ್ತಿಯಾಗಿ ಬೆಳೆಯಲು ಅದರ ಕಾಲಡಿಯಲ್ಲಿ ನೆಲ ಬೇಕು, ಮತ್ತು ಆ ನೆಲವನ್ನು ವಸಾಹತು ಸರ್ಕಾರ ಬೇರೆಯವರಿಂದ ಕಿತ್ತು ಇವರಿಗೆ ಮಾರಿತು. ಒಂದು ಶತಮಾನದ ನಂತರ ಬಂದ ಗ್ರೀಕರಿಗೆ ಅಂಥ ಅವಕಾಶ ಉಳಿದಿರಲಿಲ್ಲ.

ಹಾಗಾದರೆ ಭೂಮಿ ಪಡೆದು ಅಷ್ಟು ಮೊದಲೇ ಬೇರೂರಿದ ಜರ್ಮನ್ ಸಮುದಾಯ ಇಂದು ಎದ್ದು ಕಾಣಬೇಕಲ್ಲವೇ? ಕಾಣುವುದಿಲ್ಲ. ಇದಕ್ಕೆ ಕಾರಣ 1914ರಲ್ಲಿ ಶುರುವಾದ ಮೊದಲ ಮಹಾಯುದ್ಧ. ಅಲ್ಲಿಯವರೆಗೆ ವಸಾಹತಿನ ಅತ್ಯುತ್ತಮ ಪ್ರಜೆಗಳೆಂದು ಹೊಗಳಿಸಿಕೊಂಡವರು ಒಂದೇ ವರ್ಷದಲ್ಲಿ ಶತ್ರುಗಳಾದರು. ಯುದ್ಧ ಮುಗಿಯುವಷ್ಟರಲ್ಲಿ ದೇಶದಲ್ಲಿ ಸುಮಾರು 6,900 ಮಂದಿಯನ್ನು ಶಿಬಿರಗಳಲ್ಲಿ ಕೂಡಿಹಾಕಲಾಗಿತ್ತು. ಅವರಲ್ಲಿ ಬಹಳಷ್ಟು ಜನರನ್ನು ಆಮೇಲೆ ಹಡಗು ಹತ್ತಿಸಿ ಕಳಿಸಲಾಯಿತು. 1917ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ಸರ್ಕಾರ 49 ಲೂಥರನ್ ಶಾಲೆಗಳನ್ನು ಮುಚ್ಚಿಸಿತು, ಮತ್ತು 69 ಜರ್ಮನ್ ಊರುಹೆಸರುಗಳನ್ನು ಅಳಿಸಲು ಕಾನೂನು ಮಾಡಿತು. ಹಾನ್‌ಡಾರ್ಫ್ ಆಂಬಲ್‌ಸೈಡ್ ಆಯಿತು, ಲೋಬೆಥಾಲ್ ಟ್ವೀಡ್‌ವೇಲ್ ಆಯಿತು. ಕೆಲವು ಹೆಸರುಗಳು 1935ರಲ್ಲಿ ಮರಳಿದವು, ಆದರೆ ಶಾಲೆಯಲ್ಲಿ ಜರ್ಮನ್ ಕಲಿಯುವ ತಲೆಮಾರು ಅಷ್ಟು ಹೊತ್ತಿಗೆ ತುಂಡಾಗಿತ್ತು. ಮನೆತನದ ಹೆಸರನ್ನು ಇಂಗ್ಲಿಷಿಗೆ ತಿರುಗಿಸಿಕೊಂಡವರೂ ಅನೇಕರು. ಹೀಗೆ ಜರ್ಮನ್ ಮೂಲದವರು ಆಂಗ್ಲ ಆಸ್ಟ್ರೇಲಿಯನ್ನರಲ್ಲಿ ಕರಗಿಹೋದರು. ಕರಗಿದ್ದರಲ್ಲಿ ಮದುವೆ, ನೆರೆಹೊರೆಗಳ ಪಾಲು ಇದ್ದಷ್ಟೇ ಭಯದ ಪಾಲೂ ಇತ್ತು. ಇಂದು ನಾಲ್ಕನೆಯ, ಐದನೆಯ ತಲೆಮಾರಿನವರೊಬ್ಬರು ಗಣತಿಯಲ್ಲಿ ಇಂಗ್ಲಿಷ್ ಎಂದು ಬರೆದು ಪಕ್ಕದಲ್ಲಿ ಜರ್ಮನ್ ಎಂದೂ ಸೇರಿಸಿದರೆ, ಅವರ ಆದಾಯ ದೇಶದ ಸರಾಸರಿಯ ಹತ್ತಿರವಿರುವುದರಲ್ಲಿ ಏನು ಆಶ್ಚರ್ಯ? ಅವರೇ ಆ ಸರಾಸರಿಯ ಒಂದು ಭಾಗ.

ಗ್ರೀಕರ ವಿಚಾರದಲ್ಲಿ 1925 ಕುತೂಹಲದ ವರ್ಷ. ಯುದ್ಧದ ನಂತರ ಜರ್ಮನ್ನರ ಪ್ರವೇಶಕ್ಕೆ ಇದ್ದ ನಿಷೇಧ ಆ ವರ್ಷ ತೆರವಾಯಿತು. ಅದೇ ವರ್ಷ ಕ್ವೀನ್ಸ್‌ಲೆಂಡ್ ಸರ್ಕಾರ ನೇಮಿಸಿದ್ದ ಫೆರ್ರಿ ಆಯೋಗ, ಉತ್ತರ ಭಾಗದಲ್ಲಿ ಹೆಚ್ಚುತ್ತಿರುವ ವಿದೇಶಿಯರ ಬಗ್ಗೆ ವರದಿ ಕೊಡುತ್ತಾ, ಗ್ರೀಕರು ಹೊಲದಲ್ಲಿ ದುಡಿಯದೆ ಪಟ್ಟಣಗಳಲ್ಲಿ ಕೆಫೆ, ಮೀನಿನ ಅಂಗಡಿ ಇಟ್ಟುಕೊಂಡಿರುವುದರಿಂದ ನಾಡಿನ ಸಂಪತ್ತಿಗೆ ಏನೂ ಸೇರಿಸುವುದಿಲ್ಲ ಎಂಬ ಅರ್ಥದಲ್ಲಿ ಕಟುವಾಗಿ ಬರೆಯಿತು. ಕಿಥಿರಾ, ಕಾಸ್ಟೆಲ್ಲೊರಿಝೊ, ಇಥಾಕಾ ದ್ವೀಪಗಳಿಂದ ಒಬ್ಬರ ಹಿಂದೆ ಒಬ್ಬರು ಬಂದು, ಮಾವನ ಅಂಗಡಿಯಲ್ಲಿ ತಟ್ಟೆ ತೊಳೆದು, ಮುಂದಿನ ಊರಿನಲ್ಲಿ ತಾವೇ ಅಂಗಡಿ ತೆರೆದ ಜನ ಇವರು. 1916ರ ಡಿಸೆಂಬರಿನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗಣಿ ಪಟ್ಟಣ ಕಾಲ್ಗೂರ್ಲಿಯಲ್ಲಿ ಇವರ ಅಂಗಡಿಗಳನ್ನು ಒಡೆದು ಲೂಟಿ ಮಾಡಲಾಗಿತ್ತು. ಸಿಡ್ನಿಯ ಮಾರ್ಟಿನ್ ಪ್ಲೇಸ್‌ನಲ್ಲಿ 1932ರಲ್ಲಿ ದೇಶದ ಹೆಸರಾಂತ ಮೊದಲ ಮಿಲ್ಕ್ ಬಾರ್ (ಮಿಲ್ಕ್‌ಶೇಕ್ ಮಾರುವ ಅಂಗಡಿ) ತೆರೆದ ಮಿಕ್ ಆಡಮ್ಸ್ ಹುಟ್ಟಿನಿಂದ ಗ್ರೀಕ. ಅಂಗಡಿಗೆ ಇಂಗ್ಲಿಷ್ ಹೆಸರು, ಮಾಲೀಕನಿಗೂ ಇಂಗ್ಲಿಷ್ ಹೆಸರು, ತಿಂಡಿಯೂ ಇಂಗ್ಲಿಷರದ್ದೇ: ಆ ಕಾಲದ ಗ್ರೀಕ್ ವ್ಯಾಪಾರದ ಲೆಕ್ಕಾಚಾರ ಇದೇ ಆಗಿತ್ತು.

ಇಷ್ಟಾದರೂ ಇವರು ಕೆಲವೇ ಸಾವಿರ ಮಂದಿ. ನಿಜವಾದ ಹೋಲಿಕೆ ಎಲ್ಲಿ ಸಾಧ್ಯ ಎಂದರೆ 1952ರಿಂದ ಈಚೆಗೆ, ಏಕೆಂದರೆ ಪ್ರಯಾಣದ ಖರ್ಚಿಗೆ ಸರ್ಕಾರ ನೆರವಾಗುವ ವಲಸೆಗಾಗಿ ಆಸ್ಟ್ರೇಲಿಯಾ ಪಶ್ಚಿಮ ಜರ್ಮನಿಯೊಂದಿಗೂ ಗ್ರೀಸಿನೊಂದಿಗೂ ಒಪ್ಪಂದ ಮಾಡಿಕೊಂಡದ್ದು ಅದೇ ವರ್ಷ. ಗ್ರೀಸಿನಲ್ಲಿ ಹುಟ್ಟಿದವರ ಸಂಖ್ಯೆ 1947ರಲ್ಲಿ ಸುಮಾರು 12 ಸಾವಿರ ಇದ್ದದ್ದು 1971ಕ್ಕೆ 1 ಲಕ್ಷ 60 ಸಾವಿರ ಮುಟ್ಟಿತು. ಜರ್ಮನಿಯಲ್ಲಿ ಹುಟ್ಟಿದವರು ಆಗ 1 ಲಕ್ಷ 10 ಸಾವಿರದ ಆಸುಪಾಸಿನಲ್ಲಿದ್ದರು. ಒಂದೇ ಬಂದರು, ಹೊಸ ವಲಸಿಗರನ್ನು ಇರಿಸುತ್ತಿದ್ದ ಒಂದೇ ಬೊನೆಗಿಲ್ಲಾ ಶಿಬಿರದ ತಗಡಿನ ಮನೆಗಳು. ಅಲ್ಲಿಂದ ಮುಂದೆ ದಾರಿ ಬೇರೆ. ಜರ್ಮನ್ನರಲ್ಲಿ ಬಡಗಿ, ಫಿಟ್ಟರ್, ಎಲೆಕ್ಟ್ರಿಷಿಯನ್ ಮುಂತಾದ ಕಸುಬು ಕಲಿತವರು ಹೆಚ್ಚಿದ್ದರು. ಸ್ನೋಯಿ ಪರ್ವತದ ಜಲವಿದ್ಯುತ್ ಯೋಜನೆಗೆ ಇಂಥವರನ್ನು ಜರ್ಮನಿಗೇ ಹೋಗಿ ಆರಿಸಿ ತರಲಾಗಿತ್ತು. ಗ್ರೀಕರಲ್ಲಿ ಹೆಚ್ಚಿನವರು ಪೆಲೊಪೊನೀಸ್, ಮ್ಯಾಸಿಡೋನಿಯಾ ಭಾಗದ ಹಳ್ಳಿಗಳವರು. ಅವರು ಶಾಲೆಗೆ ಹೋಗಬೇಕಾದ ವಯಸ್ಸಿನಲ್ಲಿ ದೇಶ ನಾಜಿ ಜರ್ಮನಿಯ ಸೇನೆಯ ಕೈಯಲ್ಲಿತ್ತು, 1941ರ ಚಳಿಗಾಲದಲ್ಲಿ ಭೀಕರ ಕ್ಷಾಮ ಬಂದಿತ್ತು, ಅದು ಮುಗಿಯಿತು ಎನ್ನುವಾಗ 1949ರವರೆಗೆ ಅಂತರ್ಯುದ್ಧ. ಜರ್ಮನ್ ವಲಸಿಗನ ಕೈಯಲ್ಲಿದ್ದ ಕಸುಬಿನ ಪ್ರಮಾಣಪತ್ರಕ್ಕೂ ಗ್ರೀಕ್ ವಲಸಿಗನ ನಾಲ್ಕನೆಯ ತರಗತಿಗೂ ನಡುವೆ ಇರುವ ಅಂತರವನ್ನು ಜನಾಂಗದ ಸ್ವಭಾವ ಎಂದು ಕರೆಯುವವರಿಗೆ ಇತಿಹಾಸದ ಈ ಪುಟವನ್ನಾದರೂ ತೋರಿಸಬೇಕು.

ಆ ಗ್ರೀಕರು ಹೋದದ್ದು ಕಾರ್ಖಾನೆಗೆ. ಮೆಲ್ಬರ್ನಿನ ಬ್ರಾಡ್‌ಮೆಡೋಸ್‌ನ ಫೋರ್ಡ್ ಘಟಕದಂಥ ಕಡೆ ಯಂತ್ರದ ವೇಗಕ್ಕೆ ಕೈ ಹೊಂದಿಸುವ ಕೆಲಸ. 1973ರಲ್ಲಿ ಅಲ್ಲಿ ನಡೆದ ಮುಷ್ಕರ ಗೋಡೆ ಒಡೆಯುವ ಮಟ್ಟಕ್ಕೆ ಹೋದದ್ದು ಬಹುಪಾಲು ವಲಸೆ ಕಾರ್ಮಿಕರ ಸಿಟ್ಟಿನಿಂದ. ಹೆಂಗಸರು ಬಟ್ಟೆ ಕಾರ್ಖಾನೆಗಳಲ್ಲಿ ದುಡಿದರು. ಮಕ್ಕಳು ಹುಟ್ಟಿದ ಮೇಲೆ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟು ಪೀಸಿಗೆ ಇಷ್ಟು ಎಂದು ಹೊಲಿದರು. ಎರಡು ಸಂಬಳ, ಒಂದೇ ಮನೆಯಲ್ಲಿ ಎರಡು ಮೂರು ಸಂಸಾರ, ಬ್ಯಾಂಕಿನ ಸಾಲಕ್ಕಿಂತ ನೆಂಟರ ಸಾಲ. ಹೀಗೆ ರಿಚ್ಮಂಡ್, ಬ್ರನ್ಸ್‌ವಿಕ್, ನಾರ್ತ್‌ಕೋಟ್‌ಗಳ ಹಳೆಯ, ಯಾರಿಗೂ ಬೇಡವಾಗಿದ್ದ ಇಕ್ಕಟ್ಟಿನ ಮನೆಗಳನ್ನು ಕೊಂಡರು. ಸಂಬಳದ ಪಟ್ಟಿಯಲ್ಲಿ ಕೆಳಗಿದ್ದ ಇವರು ಸ್ವಂತ ಮನೆ ಹೊಂದುವುದರಲ್ಲಿ ಇಲ್ಲೇ ಹುಟ್ಟಿದ ಆಸ್ಟ್ರೇಲಿಯನ್ನರನ್ನೂ ಮೀರಿಸಿದರು.

ಈ ಮನೆಗಳಿದ್ದದ್ದು ನಗರದ ನಡುವಿಗೆ ಹತ್ತಿರ. ಮುಂದಿನ ದಶಕಗಳಲ್ಲಿ ಅವುಗಳ ಬೆಲೆ ಎಷ್ಟು ಏರಿತು ಎಂಬುದನ್ನು ಮೆಲ್ಬರ್ನಿನಲ್ಲಿ ಬಾಡಿಗೆ ಕಟ್ಟುವ ಯಾರಿಗೂ ವಿವರಿಸಬೇಕಿಲ್ಲ. ಗ್ರೀಕ್ ಕುಟುಂಬಗಳ ಇಂದಿನ ಆಸ್ತಿಯಲ್ಲಿ ಮಿತವ್ಯಯದ ಪಾಲಿದೆ ನಿಜ, ಆದರೆ ನಗರದ ನೆಲದ ಬೆಲೆಯ ಪಾಲು ಅದಕ್ಕಿಂತ ದೊಡ್ಡದು. ಇದಕ್ಕೆ ಎದುರಾಗಿ ಹಳೆಯ ಜರ್ಮನ್ ಸಂತತಿಯ ದೊಡ್ಡ ಭಾಗ ಇಂದಿಗೂ ಬರೋಸಾ, ವಿಮ್ಮೆರಾ, ರಿವರಿನಾ, ಕ್ವೀನ್ಸ್‌ಲೆಂಡಿನ ಲಾಕಿಯರ್ ಕಣಿವೆಗಳಂಥ ಕೃಷಿ ಪ್ರದೇಶಗಳಲ್ಲಿದೆ. ಅಲ್ಲಿ ನೂರಾರು ಎಕರೆ ಗೋಧಿ ಹೊಲ ಇರುವವನ ವಾರ್ಷಿಕ ಆದಾಯ ಮಳೆಯನ್ನು ನಂಬಿರುತ್ತದೆ, ವಿಶ್ವವಿದ್ಯಾಲಯ ದೂರವಿರುತ್ತದೆ, ಪದವೀಧರರ ಪ್ರಮಾಣ ಸಹಜವಾಗಿಯೇ ಕಡಿಮೆ ಇರುತ್ತದೆ. ಜರ್ಮನ್ ಮತ್ತು ಗ್ರೀಕ್ ಎಂಬ ಎರಡು ಸಾಲುಗಳನ್ನು ಹೋಲಿಸುತ್ತೇವೆಂದು ನಾವು ಭಾವಿಸಿದಾಗ, ಹಲವು ಸಲ ಹಳ್ಳಿಗಾಡನ್ನೂ ಮಹಾನಗರವನ್ನೂ ಹೋಲಿಸುತ್ತಿರುತ್ತೇವೆ. ಅಮೆರಿಕದಲ್ಲಿಯೂ ಕಥೆ ಹೆಚ್ಚು ಬೇರೆಯಲ್ಲ: ಜರ್ಮನ್ ಸಂತತಿ ವಿಸ್ಕಾನ್ಸಿನ್, ಡಕೋಟಾಗಳ ಹೊಲಗಳಿಗೆ ಹರಡಿತು, ಗ್ರೀಕರು ನ್ಯೂಯಾರ್ಕ್, ಶಿಕಾಗೋಗಳಿಗೆ ಅಂಟಿಕೊಂಡರು.

ಓದಿನ ವಿಷಯದಲ್ಲಿ ಗ್ರೀಕರ ಎರಡನೆಯ ತಲೆಮಾರು ಮಾಡಿದ್ದು ಗಮನಾರ್ಹ. ಕಾರ್ಖಾನೆ ಕೆಲಸಗಾರರ ಮಕ್ಕಳು ವಿಶ್ವವಿದ್ಯಾಲಯ ಪ್ರವೇಶದಲ್ಲಿ ದೇಶದ ಸರಾಸರಿಯನ್ನು ದಾಟಿದರು. ವಕೀಲರು, ವೈದ್ಯರು, ಲೆಕ್ಕಪರಿಶೋಧಕರು ಆದರು. ನಮ್ಮವರು ಇದನ್ನು ಕೇಳಿದ ಕೂಡಲೇ ತಂದೆತಾಯಿಯ ತ್ಯಾಗ, ಕುಟುಂಬ ಮೌಲ್ಯ ಎಂದು ತಲೆಯಾಡಿಸುತ್ತಾರೆ. ತ್ಯಾಗ ಇತ್ತು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ 1974ರಲ್ಲಿ ಪ್ರಧಾನಿ ವಿಟ್ಲಮ್ ಅವರ ಸರ್ಕಾರ ವಿಶ್ವವಿದ್ಯಾಲಯದ ಶುಲ್ಕವನ್ನು ಪೂರ್ತಿ ತೆಗೆದುಹಾಕಿತು, 1989ರಲ್ಲಿ ಅದು ಸಾಲದ ರೂಪದಲ್ಲಿ ಮರಳಿತು. 1950ರ ದಶಕದ ನಡುವಿನಿಂದ 60ರ ದಶಕದ ಕೊನೆಯವರೆಗೆ ಇಲ್ಲಿ ಹುಟ್ಟಿದ ಗ್ರೀಕ್ ಮಕ್ಕಳು ಹದಿನೆಂಟು ತುಂಬಿದ್ದು ಸರಿಯಾಗಿ ಈ ಹದಿನೈದು ವರ್ಷಗಳ ಕಿಂಡಿಯಲ್ಲಿ. ಬರೋಸಾದ ಜರ್ಮನ್ ರೈತನ ಮೊಮ್ಮಗ 1890ರಲ್ಲಿ ಹದಿನಾಲ್ಕಕ್ಕೆ ಶಾಲೆ ಬಿಟ್ಟದ್ದು ಅವನಪ್ಪನಿಗೆ ಓದಿನ ಆಸೆ ಇರಲಿಲ್ಲವೆಂದಲ್ಲ. ಆಗಿನ ಕಾಲದಲ್ಲಿ ಅವನಂಥವರಿಗೆ ಆ ಬಾಗಿಲೇ ಇರಲಿಲ್ಲ.

ಈ ಯಶಸ್ಸಿನ ಕಥೆಯಲ್ಲಿ ಮರೆಯಾಗುವವರು ಮೊದಲ ತಲೆಮಾರಿನ ಹಿರಿಯರು. 1978ರಲ್ಲಿ ಸಿಡ್ನಿಯಲ್ಲಿ ನಡೆದ ಪೊಲೀಸ್ ದಾಳಿಗಳಲ್ಲಿ, ಸುಳ್ಳು ಕಾಯಿಲೆ ಹೇಳಿ ಸರ್ಕಾರದ ಪಿಂಚಣಿ ಪಡೆಯುವ ಸಂಚು ಎಂಬ ಆರೋಪದ ಮೇಲೆ ನೂರಕ್ಕೂ ಹೆಚ್ಚು ಗ್ರೀಕರನ್ನು ಹಿಡಿದರು, ವೈದ್ಯರನ್ನೂ ಬಿಡಲಿಲ್ಲ. ವರ್ಷಗಟ್ಟಲೆ ಎಳೆದ ಮೊಕದ್ದಮೆ ಕುಸಿದುಬಿತ್ತು, ಕೊನೆಗೆ ಸರ್ಕಾರವೇ ಪರಿಹಾರ ಕೊಡಬೇಕಾಯಿತು. ಹದಿನೈದು ಇಪ್ಪತ್ತು ವರ್ಷ ಕಾರ್ಖಾನೆಯಲ್ಲಿ ಭಾರ ಎತ್ತಿದವನ ಬೆನ್ನುನೋವನ್ನು ನಾಟಕ ಎಂದು ನೋಡಲು ಆಡಳಿತಕ್ಕೆ ಅವನ ಹುಟ್ಟೂರಷ್ಟೇ ಸಾಕಾಗಿತ್ತು. ಇಂದು ಗ್ರೀಸಿನಲ್ಲಿ ಹುಟ್ಟಿ ಇಲ್ಲಿರುವವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದ ಪಿಂಚಣಿದಾರರು. ಅವರ ಆದಾಯದ ಅಂಕಿ ಬಡತನದ ಹತ್ತಿರವಿರುತ್ತದೆ, ಅವರು ಕುಳಿತ ಮನೆಯ ಬೆಲೆ ಸಿರಿವಂತಿಕೆಯನ್ನು ಹೇಳುತ್ತದೆ. ಇಂಗ್ಲಿಷ್ ಕಲಿಯಲು ಪಾಳಿ ಕೆಲಸ ಬಿಡುವು ಕೊಡಲಿಲ್ಲವಾದ್ದರಿಂದ ವೃದ್ಧಾಶ್ರಮವೂ ಗ್ರೀಕ್ ಆಡುವಂಥದ್ದೇ ಬೇಕು. 2020ರಲ್ಲಿ ಕೋವಿಡ್ ಮೆಲ್ಬರ್ನಿಗೆ ಬಂದಾಗ ಫಾಕ್ನರ್‌ನ ಅಂಥದೊಂದು ಗ್ರೀಕ್ ವೃದ್ಧಾಶ್ರಮದಲ್ಲಿ 45 ಮಂದಿ ಆ ರೋಗಕ್ಕೆ ಬಲಿಯಾದರು.

ನಾವು ಇದನ್ನೆಲ್ಲ ಏಕೆ ಗಮನಿಸಬೇಕೆಂದರೆ, ಈಗ ಕೋಷ್ಟಕದಲ್ಲಿ ಭಾರತೀಯರಾದ ನಮ್ಮದೂ ಒಂದು ಸಾಲಿದೆ, ಮತ್ತು ಅದನ್ನು ನಾವು ಬಹಳ ಹೆಮ್ಮೆಯಿಂದ ಓದುತ್ತೇವೆ. ಪದವಿ, ಇಂಗ್ಲಿಷ್, ವಯಸ್ಸು, ಕೆಲಸದ ಅನುಭವ ಇವುಗಳಿಗೆ ಅಂಕ ಹಾಕಿ ಆರಿಸಿ ತಂದವರಲ್ಲಿ ಪದವೀಧರರು ಹೆಚ್ಚಿರುವುದು ನಮ್ಮ ಸಂಸ್ಕೃತಿಯ ಸಾಧನೆಯಲ್ಲ, ಅದು ವೀಸಾ ನಮೂನೆಯ ಸಾಧನೆ. ಬೆಂಗಳೂರಿನಲ್ಲಿ ಸರ್ಕಾರಿ ಸೀಟಿನಲ್ಲಿ ಓದಿ ಮುಗಿಸಿದ ಎಂಜಿನಿಯರನ್ನು 1955ರಲ್ಲಿ ಪಿರಿಯಸ್ ಬಂದರಿನಲ್ಲಿ ಹಡಗು ಹತ್ತಿದ ಹಳ್ಳಿ ಹುಡುಗಿಯೊಂದಿಗೆ ಹೋಲಿಸಿ ತಾನು ಮುಂದಿದ್ದೇನೆ ಎನ್ನುವುದರಲ್ಲಿ ಯಾವ ಹೆಚ್ಚುಗಾರಿಕೆಯೂ ಇಲ್ಲ. ನಮ್ಮ ಸಾಲಿನೊಳಗೂ ಎಲ್ಲರೂ ಒಂದೇ ಅಲ್ಲ. 2021ರಲ್ಲಿ ಭಾರತದಲ್ಲಿ ಹುಟ್ಟಿದವರೆಂದು ಎಣಿಕೆಯಾದ 6 ಲಕ್ಷ 70 ಸಾವಿರಕ್ಕೂ ಹೆಚ್ಚು ಜನರಲ್ಲಿ ಅಂಕಗಳ ಮೇಲೆ ಆಯ್ಕೆಯಾದ ಸಾಫ್ಟ್‌ವೇರ್ ನೌಕರರಿದ್ದಾರೆ, ಊರಿನ ಜಮೀನು ಅಡವಿಟ್ಟು ಓದಲು ಬಂದು ರಾತ್ರಿ ಊಟದ ಪೊಟ್ಟಣ ಮುಟ್ಟಿಸುವ ಹುಡುಗರಿದ್ದಾರೆ, ಮಗನ ಮನೆಯಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳುವ, ಸ್ವಂತ ಆದಾಯವೇ ಇಲ್ಲದ ಅಜ್ಜಿಯರಿದ್ದಾರೆ. ಗಣತಿ ಇಲಾಖೆ ಇವರೆಲ್ಲರಿಗೂ ಸೇರಿ ಆದಾಯದ ಒಂದೇ ಅಂಕಿಯನ್ನು ಅಚ್ಚುಹಾಕುತ್ತದೆ.