ನಿದ್ರಾಹೀನತೆಯ ಅಧ್ಯಯನಕ್ಕೆ ಮೆದುಳಿನ ಸ್ಕ್ಯಾನ್: ಪರ–ವಿರೋಧ

ಪರ

ನಿದ್ರಾಹೀನತೆಯನ್ನು ವೈದ್ಯರು ಇಂದಿಗೂ ಗುರುತಿಸುವುದು ಬಹುಮಟ್ಟಿಗೆ ರೋಗಿಯ ಮಾತಿನಿಂದಲೇ. ವಾರಕ್ಕೆ ಕನಿಷ್ಠ 3 ರಾತ್ರಿಯಂತೆ 3 ತಿಂಗಳು ನಿದ್ದೆ ಕೆಟ್ಟು, ಅದರಿಂದ ಹಗಲಿನ ಬದುಕಿಗೂ ತೊಂದರೆಯಾಗುತ್ತಿದ್ದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಆದರೆ ರಾತ್ರಿಯಿಡೀ ರೆಪ್ಪೆ ಮುಚ್ಚಲಿಲ್ಲ ಎನ್ನುವ ಕೆಲವರ ಇಇಜಿಯಲ್ಲಿ (ಮೆದುಳಿನ ವಿದ್ಯುತ್ ಅಲೆಗಳ ದಾಖಲೆಯಲ್ಲಿ) ಸಾಕಷ್ಟು ನಿದ್ದೆಯೇ ದಾಖಲಾಗಿರುತ್ತದೆ. ಅಂಥವರ ದೂರನ್ನು ಭ್ರಮೆಯೆಂದು ತಳ್ಳಿಹಾಕುವುದು ಬಹಳ ಸುಲಭ. ಸ್ಕ್ಯಾನಿನ ಅಗತ್ಯ ಕಾಣುವುದು ಇಲ್ಲಿಯೇ.

ನಿದ್ರಾ ಸಂಶೋಧಕ ಎರಿಕ್ ನೋಫ್ಜಿಂಗರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪೆಟ್ ಸ್ಕ್ಯಾನ್ ಅಧ್ಯಯನದ ವಿಧಾನವೇ ಸೊಗಸಾಗಿದೆ. ಗ್ಲೂಕೋಸನ್ನು ಹೋಲುವ, ಅಲ್ಪ ವಿಕಿರಣ ಸೂಸುವ ವಸ್ತುವನ್ನು ವ್ಯಕ್ತಿ ನಿದ್ದೆಯಲ್ಲಿರುವಾಗಲೇ ರಕ್ತನಾಳಕ್ಕೆ ಬಿಡುತ್ತಾರೆ. ಹೆಚ್ಚು ದುಡಿಯುವ ಜೀವಕೋಶಗಳು ಅದನ್ನು ಹೆಚ್ಚು ಹೀರಿಕೊಂಡು ಒಳಗೇ ಹಿಡಿದಿಟ್ಟುಕೊಳ್ಳುವುದರಿಂದ, ಆಮೇಲೆ ಎಬ್ಬಿಸಿ ಸ್ಕ್ಯಾನ್ ಮಾಡಿದರೂ ಚಿತ್ರದಲ್ಲಿ ಮೂಡುವುದು ನಿದ್ದೆಯ ಹೊತ್ತಿನ ಚಟುವಟಿಕೆಯೇ. ನಿದ್ರಾಹೀನರಲ್ಲಿ ಎಚ್ಚರವನ್ನು ಕಾಯುವ ಭಾಗಗಳು ನಿದ್ದೆಯಲ್ಲೂ ಇತರರಲ್ಲಿ ತಣ್ಣಗಾದಷ್ಟು ತಣ್ಣಗಾಗಿರಲಿಲ್ಲ. ‘ಮಲಗಿದ್ದೆ, ಆದರೆ ನಿದ್ದೆಯೇ ಮಾಡಲಿಲ್ಲ’ ಎಂಬ ಮಾತಿಗೆ ಇದಕ್ಕಿಂತ ಗಂಭೀರವಾದ ಉತ್ತರ ಬೇರೆಲ್ಲಿಂದ ಬರಬೇಕು?

ವಿರೋಧ

ಆ ಅಧ್ಯಯನದಲ್ಲಿದ್ದ ರೋಗಿಗಳು 7 ಮಂದಿ. ಸಣ್ಣ ಗುಂಪುಗಳ ಈ ದೌರ್ಬಲ್ಯ ಈ ಕ್ಷೇತ್ರವನ್ನು ಬಿಡದೆ ಕಾಡಿದೆ. ಮೆದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕವು 16 ರೋಗಿಗಳಲ್ಲಿ ಸುಮಾರು 30% ಕಡಿಮೆಯಿದೆ ಎಂದು 2008ರ ಅಧ್ಯಯನವೊಂದು ಹೇಳಿದರೆ, 2012ರ ಇನ್ನೊಂದು ಅಧ್ಯಯನಕ್ಕೆ ಮೆದುಳಿನ ಹಿಂಭಾಗದಲ್ಲಿ ಅದು ಹೆಚ್ಚಾಗಿಯೇ ಕಂಡಿತು. ಅಳೆದ ಭಾಗಗಳು ಬೇರೆಯಿದ್ದವು ಎನ್ನಬಹುದು. ಆದರೆ ಹಲವು ಸ್ಕ್ಯಾನ್ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2018ರ ವಿಶ್ಲೇಷಣೆಗೂ, ಎಲ್ಲವೂ ಒಂದೇ ಜಾಗವನ್ನು ಬೊಟ್ಟುಮಾಡುವಂತೆ ಕಾಣಲಿಲ್ಲ. ಕಂಡ ಬದಲಾವಣೆ ನಿದ್ದೆಗೇಡಿಗೆ ಕಾರಣವೋ ಪರಿಣಾಮವೋ ಎಂಬುದನ್ನಂತೂ ಒಂದೇ ಸಲ ತೆಗೆದ ಚಿತ್ರ ಹೇಳಲಾರದು.

ಇನ್ನು, ಯಾರ ಗಮನಕ್ಕೂ ಸುಲಭವಾಗಿ ಬಾರದ ಒಂದು ತೊಡಕಿದೆ. ಎಂಆರ್‌ಐ ಕೊಳವೆಯೊಳಗೆ ಮಲಗಿಸಿ, ‘ಏನೂ ಯೋಚಿಸದೆ ಸುಮ್ಮನಿರಿ, ನಿದ್ದೆ ಮಾತ್ರ ಮಾಡಬೇಡಿ’ ಎನ್ನುತ್ತಾರೆ. ಯಂತ್ರ ಕಿವಿಗಡಚಿಕ್ಕುವಂತೆ ಬಡಿದುಕೊಳ್ಳುತ್ತಿದ್ದರೂ ಆರೋಗ್ಯವಂತರಲ್ಲಿ ಅನೇಕರು ಕೆಲವೇ ನಿಮಿಷಗಳಲ್ಲಿ ತೂಕಡಿಸುತ್ತಾರೆ. ನಿದ್ರಾಹೀನ ವ್ಯಕ್ತಿಯೋ ಆ ಸದ್ದನ್ನು ಎಣಿಸುತ್ತ ಎಚ್ಚರವಾಗಿಯೇ ಇದ್ದಾನು. ಹಾಗಾದಲ್ಲಿ ನಾವು ಹೋಲಿಸುತ್ತಿರುವುದು ರೋಗಿಯ ಮೆದುಳನ್ನು ಆರೋಗ್ಯವಂತರ ಮೆದುಳಿನೊಡನೆಯಲ್ಲ, ಎಚ್ಚರವನ್ನು ತೂಕಡಿಕೆಯೊಡನೆ. ಸ್ಕ್ಯಾನ್ ನಡೆಯುವಾಗಲೇ ಇಇಜಿಯನ್ನೂ ದಾಖಲಿಸಿದರೆ ಈ ಗೊಂದಲ ತಪ್ಪೀತು, ಆದರೆ ಎಲ್ಲರೂ ಹಾಗೆ ಮಾಡುವುದಿಲ್ಲ.

ಚಿಕಿತ್ಸೆಯಂತೂ ಚಿತ್ರಕ್ಕಾಗಿ ಕಾದು ಕೂತಿಲ್ಲ. ಅಮೆರಿಕದ ವೈದ್ಯರ ಸಂಘಟನೆಯಾದ ‘ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್’ 2016ರಲ್ಲಿ ನಿದ್ರಾಹೀನತೆಗೆ ಮೊದಲ ಚಿಕಿತ್ಸೆಯಾಗಿ ಸೂಚಿಸಿದ್ದು, ನಿದ್ದೆಯ ಕುರಿತ ಯೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ಅರಿವು–ವರ್ತನೆಯ ಚಿಕಿತ್ಸೆಯನ್ನು (ಸಿಬಿಟಿ). ಅದಕ್ಕೆ ಬೇಕಾಗುವುದು ಮಲಗಿದ ಹೊತ್ತು, ನಿದ್ದೆ ಹತ್ತಿದ ಹೊತ್ತು, ಎದ್ದ ಹೊತ್ತುಗಳನ್ನು ರೋಗಿಯೇ ದಿನವೂ ಬರೆದಿಡುವ ಒಂದು ಪಟ್ಟಿ.